ಕಣ್ಣ ಕೆಳಗಿನ ಚೀಲದಲ್ಲಿ ಏನಿದೆ?

ಮಗಳ ಮದುವೆಯ ಆಲ್ಬಮ್ಮಿನಲ್ಲಿ ಧಾರೆಯ ಫೋಟೋ ಒಂದಿದೆ. ಅದರಲ್ಲಿ ನನ್ನ ಎರಡೂ ಕಣ್ಣು ಊದಿಕೊಂಡಿವೆ. ಅವತ್ತು ಛತ್ರಕ್ಕೆ ಬಂದವರೆಲ್ಲ ನನ್ನ ಮುಖ ನೋಡಿ, 'ಪಾಪ, ಒಬ್ಬಳೇ ಮಗಳು, ರಾತ್ರಿಯೆಲ್ಲ ಅತ್ತಿರಬೇಕು' ಅಂತ ಮಾತಾಡಿಕೊಂಡರು. ನಮ್ಮ ಚಿಕ್ಕಮ್ಮನಂತೂ ಉಗ್ರಾಣದ ಪಕ್ಕಕ್ಕೆ ಕರೆದುಕೊಂಡು ಹೋಗಿ, 'ಹೆಣ್ಣು ಹೆತ್ತಮೇಲೆ ಇದ್ದದ್ದೇ ಕಣೇ, ಸಮಾಧಾನ ಮಾಡ್ಕೋ' ಅಂತ ತಮ್ಮ ಸೆರಗಿನಿಂದ ನನ್ನ ಕಣ್ಣೊರೆಸಿದರು.

ನಾನು ಅತ್ತಿರಲಿಲ್ಲ. ಅಳೋಕೆ ಪುರಸೊತ್ತೂ ಇರಲಿಲ್ಲ. ಮದುವೆಗೆ ಮೂರು ತಿಂಗಳಿದ್ದಾಗ ಬೆಂಗಳೂರಿನ ಒಂದು ಕ್ಲಿನಿಕ್ಕಿನಲ್ಲಿ ಕಣ್ಣುರೆಪ್ಪೆಯ ಆಪರೇಷನ್ ಮಾಡಿಸಿಕೊಂಡಿದ್ದೆ. ಮೇಲಿನ ರೆಪ್ಪೆಯ ಜೋಲುಚರ್ಮ, ಕೆಳಗಿನ ರೆಪ್ಪೆಯ ಚೀಲ, ಎರಡನ್ನೂ ತೆಗೆಸಿದ್ದು. ಮನೆಯವರಿಗೆ ಬಿಟ್ಟರೆ ಬೇರೆ ಯಾರಿಗೂ ಗೊತ್ತಿಲ್ಲ. ಊರಿಗೆಲ್ಲ ಸೀರೆ ತರೋಕೆ ಹೋಗಿದ್ದೀನಿ ಅಂತ ಹೇಳಿದ್ದು. ದುಡ್ಡು ನನ್ನದೇ, ಎರಡು ಚೀಟಿ ಎತ್ತಿದ್ದೆ. ನಿಶ್ಚಿತಾರ್ಥದ ದಿನ ಬೀಗಿತ್ತಿ ಅಕ್ಕರೆಯಿಂದಲೇ 'ಹುಷಾರಿಲ್ವೇನ್ರೀ, ನಿದ್ದೆಗೆಟ್ಟ ಹಾಗಿದ್ದೀರಲ್ಲ' ಅಂತ ಕೇಳಿದ್ದರು. ಹಿಂದಿನ ರಾತ್ರಿ ಎಂಟು ಗಂಟೆ ನಿದ್ದೆ ಮಾಡಿದ್ದೆ ನಾನು!

ಆಪರೇಷನ್ ಮಾಡಿದವರು ಒಳ್ಳೆಯವರೇ. ಎರಡು ವಾರಕ್ಕೆ ಊತ ಇಳಿಯುತ್ತೆ ಅಂದರು. ಎರಡು ವಾರಕ್ಕೆ ಹೋದಾಗ ಆರು ವಾರ ಅಂದರು. ಆರು ವಾರಕ್ಕೆ ಹೋದಾಗ, 'ಕೆಲವರಿಗೆ ಮೂರು ತಿಂಗಳು, ಅಪರೂಪಕ್ಕೆ ಆರು ತಿಂಗಳೂ ಆಗತ್ತೆ, ತಲೆ ಎತ್ತರಕ್ಕಿಟ್ಟು ಮಲಗಿ, ಉಪ್ಪು ಕಮ್ಮಿ ಮಾಡಿ' ಅಂದರು. ಸುಳ್ಳೇನೂ ಹೇಳಲಿಲ್ಲ ಅಂತ ಈಗ ಗೊತ್ತಾಗಿದೆ. ಆದರೆ ಮುಹೂರ್ತ ಆರು ತಿಂಗಳು ಕಾಯೋದಿಲ್ಲವಲ್ಲ. ಕನ್ನಡಿಯಲ್ಲಿ ನೋಡಿದರೆ ತೆಗೆಸಿದ ಚೀಲ ತಿರುಗಿ ಬಂದು ಕೂತ ಹಾಗಿತ್ತು. ಸಾಲದ್ದಕ್ಕೆ ಕೆನ್ನೆಯ ಮೂಳೆಯ ಮೇಲೆ ಇನ್ನೊಂದು ಪುಟ್ಟ ದಿಬ್ಬ.

26 ವರ್ಷ ಪಿಯು ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡಿದವಳು ನಾನು. ಮನಸ್ಸಿಗೆ ಕಿರಿಕಿರಿಯಾದಾಗ ಬೇರೆಯವರು ದೇವಸ್ಥಾನಕ್ಕೆ ಹೋಗ್ತಾರೆ, ನಾನು ಆ ಕಿರಿಕಿರಿಗೆ ಹಿಂದೇನಾಗಿತ್ತು ಅಂತ ಹುಡುಕ್ತೀನಿ. ಊತ ಇಳಿಯೋವರೆಗೆ ಊತದ ಚರಿತ್ರೆ ಓದೋಣ ಅಂತ ಕೂತೆ. ಓದುತ್ತಾ ಹೋದಂತೆ ಒಂದು ವಿಷಯ ಬಿಚ್ಚಿಕೊಂಡಿತು. ಈ ಆಪರೇಷನ್ನಿನ ಇತಿಹಾಸವೆಲ್ಲ ಒಂದೇ ಒಂದು ಪ್ರಶ್ನೆಗೆ ಸಿಕ್ಕಿದ ಉತ್ತರಗಳು: ಕಣ್ಣ ಕೆಳಗಿನ ಆ ಚೀಲದೊಳಗೆ ಇರೋದೇನು? ಒಂದೊಂದು ಕಾಲದವರು ಒಂದೊಂದು ಉತ್ತರ ಕೊಟ್ಟರು, ಆ ಉತ್ತರಕ್ಕೆ ತಕ್ಕ ಹಾಗೆ ಕತ್ತರಿಸಿದರು.

ಶುರುವಿನಲ್ಲಿ ಅಂದಚಂದದ ಮಾತೇ ಇರಲಿಲ್ಲ. ಸುಶ್ರುತ ಸಂಹಿತೆಯ ಉತ್ತರತಂತ್ರದಲ್ಲಿ ಕಣ್ಣಿನ 76 ರೋಗಗಳ ಲೆಕ್ಕವಿದೆ, ಅದರಲ್ಲಿ 21 ರೆಪ್ಪೆಗೆ ಸೇರಿದವು. ರೆಪ್ಪೆಗೂದಲು ಒಳಕ್ಕೆ ತಿರುಗಿ ಕಣ್ಣುಗುಡ್ಡೆಗೆ ಚುಚ್ಚುವ ಪಕ್ಷ್ಮಕೋಪ ಅನ್ನೋ ಕಾಯಿಲೆಗೆ ಅಲ್ಲಿ ಹೇಳಿರುವ ಶಸ್ತ್ರಕ್ರಿಯೆ ನೋಡಿದರೆ ಮೈ ಜುಮ್ಮೆನ್ನುತ್ತದೆ. ಹುಬ್ಬಿನ ಕೆಳಗೆ ಎರಡು ಭಾಗ ಬಿಡಬೇಕು, ರೆಪ್ಪೆಗೂದಲಿನ ಕಡೆ ಒಂದು ಭಾಗ ಬಿಡಬೇಕು, ನಡುವೆ ಕಣ್ಣಿನ ಉದ್ದಕ್ಕೂ ಜವೆಗೋಧಿ ಕಾಳಿನ ಆಕಾರದಲ್ಲಿ ಚರ್ಮ ತೆಗೆದು, ಕೂದಲಿನಿಂದ ಹೊಲಿದು, ಜೇನು ತುಪ್ಪ ಸವರಿ, ಹಣೆಗೊಂದು ಪಟ್ಟಿ ಕಟ್ಟಬೇಕು. ನನ್ನ ಮೇಲುರೆಪ್ಪೆಯಿಂದ ತೆಗೆದದ್ದೂ ಹೆಚ್ಚುಕಮ್ಮಿ ಅದೇ ಆಕಾರದ ತುಂಡು. ಜವೆಗೋಧಿ ಕಾಳು ಇಷ್ಟು ಶತಮಾನವಾದರೂ ಬದಲಾಗಿಲ್ಲ.

ಆದರೆ ನನಗೆ ಅದಕ್ಕಿಂತ ಮುಖ್ಯ ಅನ್ನಿಸಿದ್ದು ಅದೇ ಪಟ್ಟಿಯಲ್ಲಿರುವ ಇನ್ನೊಂದು ಹೆಸರು, ವರ್ತ್ಮಬಂಧ. ರೆಪ್ಪೆ ಊದಿಕೊಂಡು, ಸ್ವಲ್ಪ ತುರಿಕೆ, ಸ್ವಲ್ಪ ನೋವಿದ್ದು, ಕಣ್ಣನ್ನು ಸರಿಸಮವಾಗಿ ಮುಚ್ಚಲಾಗದ ಸ್ಥಿತಿ. ಅಂದರೆ ಊತವೇ ಒಂದು ಕಾಯಿಲೆ. ಇನ್ನೊಂದು ಚಿಕಿತ್ಸೆಯ ನಂತರ ಉಳಿದುಕೊಂಡ ಬಾಲಂಗೋಚಿ ಅಲ್ಲ, ಅದಕ್ಕೇ ಒಂದು ಹೆಸರು, ಅದಕ್ಕೇ ಒಂದು ಚಿಕಿತ್ಸೆ. ಈ ಮರ್ಯಾದೆ ಊತಕ್ಕೆ ಮುಂದೆ ಬಹಳ ಕಾಲ ಸಿಗಲಿಲ್ಲ.

ಹತ್ತು, ಹನ್ನೊಂದನೇ ಶತಮಾನದ ಅರಬ್ ವೈದ್ಯರು ಚಾಕುವಿಲ್ಲದೆಯೂ ಕೆಲಸ ಮಾಡಿದರು. ಬಾಗ್ದಾದಿನ ಕಣ್ಣಿನ ವೈದ್ಯ ಅಲಿ ಇಬ್ನ್ ಈಸಾ ಹೇಳುವ ಒಂದು ವಿಧಾನದಲ್ಲಿ ಮೇಲುರೆಪ್ಪೆಯ ಹೆಚ್ಚಿನ ಚರ್ಮವನ್ನು ಎರಡು ಸಣ್ಣ ಕಡ್ಡಿಗಳ ನಡುವೆ ಸಿಕ್ಕಿಸಿ ಬಿಗಿಯಾಗಿ ಕಟ್ಟಿಬಿಡುವುದು. ರಕ್ತ ಓಡದೆ ಆ ಚರ್ಮ ಒಣಗಿ ದಿನ ಕಳೆದ ಮೇಲೆ ತಾನೇ ಉದುರುತ್ತದೆ. ಬಟ್ಟೆ ಒಣಹಾಕುವ ಕ್ಲಿಪ್ಪು ಹಾಕಿಕೊಂಡು ಓಡಾಡುವ ರೋಗಿಯನ್ನು ಊಹಿಸಿಕೊಳ್ಳಿ. ಆಗ ಊತ ಎಷ್ಟಿರುತ್ತಿತ್ತೋ!

ಈ ಆಪರೇಷನ್ನಿಗೆ ಇವತ್ತು ಬಳಸುವ ಬ್ಲೆಫರೋಪ್ಲಾಸ್ಟಿ ಅನ್ನುವ ಹೆಸರು 1818ರಲ್ಲಿ ಜರ್ಮನಿಯ ಫಾನ್ ಗ್ರೇಫ ಬಳಸಿದ್ದು, ಅದೂ ಹಾಳಾದ ರೆಪ್ಪೆಯನ್ನು ಮತ್ತೆ ಕಟ್ಟಿಕೊಡುವ ಕೆಲಸಕ್ಕೆ. ಚಂದಕ್ಕಾಗಿ ಕತ್ತರಿಸುವ ಧೈರ್ಯ ಬರಬೇಕಾದರೆ ಇನ್ನೊಂದು ಬೇಕಿತ್ತು. 1884ರಲ್ಲಿ ವಿಯೆನ್ನಾದ ಕಾರ್ಲ್ ಕಾಲರ್ ಕಣ್ಣಿಗೆ ಕೊಕೇನ್ ಹನಿ ಹಾಕಿದರೆ ನೋವು ತಿಳಿಯೋದಿಲ್ಲ ಅಂತ ತೋರಿಸಿಕೊಟ್ಟ. ಇದು ದೊಡ್ಡ ತಿರುವು. ಅಲ್ಲಿಯವರೆಗೆ ನೋವಿಲ್ಲದೆ ಕತ್ತರಿಸಬೇಕಾದರೆ ಕ್ಲೋರೋಫಾರ್ಮಿನಂಥದ್ದು ಕೊಟ್ಟು ಪ್ರಜ್ಞೆ ತಪ್ಪಿಸಬೇಕಿತ್ತು. ಒಂದು ಸುಕ್ಕಿಗೋಸ್ಕರ ಜೀವ ಪಣಕ್ಕಿಡೋರು ಯಾರು? ಎಚ್ಚರವಿದ್ದುಕೊಂಡೇ ಮಾಡಿಸಿಕೊಳ್ಳಬಹುದು ಅಂತಾದ ಮೇಲೆ ಬಾಗಿಲು ತೆರೆಯಿತು.

ಆ ಬಾಗಿಲಿನಲ್ಲಿ ಮೊದಲು ನುಗ್ಗಿದವರಲ್ಲಿ ಒಬ್ಬ ಶಿಕಾಗೋದ ಚಾರ್ಲ್ಸ್ ಕಾನ್ರಾಡ್ ಮಿಲ್ಲರ್. ಕಣ್ಣ ಸುತ್ತಲಿನ ಚೀಲದಂಥ ಚರ್ಮದ ಮಡಿಕೆಗಳನ್ನು ತೆಗೆಯುವ ಬಗ್ಗೆ 1906ರಲ್ಲಿ ಒಂದು ಲೇಖನ, ಮಾರನೇ ವರ್ಷ ಮುಖದ ಕುಂದುಗಳನ್ನು ಸರಿಪಡಿಸುವ ಬಗ್ಗೆ ಒಂದು ಪುಸ್ತಕ. ಲೇಖನದ ಹೆಸರಿನಲ್ಲೇ ಅವನ ಉತ್ತರ ಇದೆ, ನೋಡಿ. ಚೀಲ ಅಂದರೆ ಚರ್ಮ. ಹೆಚ್ಚಾಗಿದೆ, ಕತ್ತರಿಸು. ದರ್ಜಿಯ ಬುದ್ಧಿ. ದೊಡ್ಡ ಆಸ್ಪತ್ರೆಗಳ ಡಾಕ್ಟರುಗಳು ಇಂಥ ಸೌಂದರ್ಯ ವೈದ್ಯರನ್ನು ಹತ್ತಿರ ಸೇರಿಸುತ್ತಿರಲಿಲ್ಲ. ಆದ್ದರಿಂದ ಅವರ ಕೆಲಸದಲ್ಲಿ ಏನು ಕೆಟ್ಟಿತು, ಯಾರಿಗೆ ಎಷ್ಟು ದಿನ ಊದಿತ್ತು ಅನ್ನೋದನ್ನು ಕೂತು ವಿಚಾರಿಸುವ ವೇದಿಕೆಯೂ ಇರಲಿಲ್ಲ. ಯಾರೂ ತಮ್ಮ ಅಂಗಡಿಯ ಹುಳುಕನ್ನು ತಾವೇ ಬರೆದುಕೊಳ್ಳೋದಿಲ್ಲ.

ಈ ಓದಿನಲ್ಲಿ ನನಗೆ ಬಹಳ ಹತ್ತಿರವಾದವಳು ಪ್ಯಾರಿಸ್ಸಿನ ಸುಜಾನ್ ನೊಯೆಲ್. ಹುಟ್ಟಿದ್ದು 1878. ಮದುವೆಯಾದ ಮೇಲೆ ವೈದ್ಯಕೀಯ ಓದಲು ಶುರು ಮಾಡಿದವಳು (ಇದನ್ನು ಓದಿದಾಗಲೇ ಅವಳ ಪಕ್ಷ ಸೇರಿಬಿಟ್ಟೆ). ಮೊದಲ ಮಹಾಯುದ್ಧದಲ್ಲಿ ಮುಖ ಛಿದ್ರವಾಗಿ ಬಂದ ಸೈನಿಕರ ಮೇಲೆ ಕೈ ಪಳಗಿಸಿಕೊಂಡಳು. ಆಮೇಲೆ ತನ್ನ ಮನೆಯಲ್ಲೇ ಹೆಂಗಸರ ಮುಖ, ರೆಪ್ಪೆಗಳ ಆಪರೇಷನ್ ಮಾಡುತ್ತಿದ್ದಳು. ಸಣ್ಣ ಕೆಲಸವಾದರೆ ಮಾಡಿಸಿಕೊಂಡವರು ಅವತ್ತೇ ಎದ್ದು ಮನೆಗೆ ಹೋಗಬಹುದಿತ್ತು. 1926ರಲ್ಲಿ ಅವಳು ಬರೆದ ಪುಸ್ತಕದ ಹೆಸರು ಕನ್ನಡದಲ್ಲಿ ಹೇಳಿದರೆ 'ಸೌಂದರ್ಯ ಶಸ್ತ್ರಚಿಕಿತ್ಸೆ, ಅದರ ಸಾಮಾಜಿಕ ಪಾತ್ರ' ಅಂತಾಗುತ್ತದೆ. ಸಾಮಾಜಿಕ ಪಾತ್ರ! ದುಡಿದು ತಿನ್ನುವ ಹೆಂಗಸಿಗೆ ವಯಸ್ಸು ಮುಖದಲ್ಲಿ ಕಂಡ ಕೂಡಲೇ ಕೆಲಸ ಹೋಗುತ್ತದೆ, ಹಾಗಾಗಿ ಇದು ಶೋಕಿಯಲ್ಲ, ಹೊಟ್ಟೆಪಾಡು ಅನ್ನೋದು ಅವಳ ವಾದ. ಫ್ರಾನ್ಸಿನಲ್ಲಿ ಹೆಂಗಸರಿಗೆ ಮತದಾನದ ಹಕ್ಕು ಸಿಕ್ಕಿದ್ದು 1944ರಲ್ಲಿ. ಇವಳು ಅದಕ್ಕೂ ಬಹಳ ಮೊದಲಿಂದ ಆ ಹೋರಾಟದಲ್ಲಿದ್ದವಳು. ವೃತ್ತಿನಿರತ ಹೆಂಗಸರ ಸೊರೊಪ್ಟಿಮಿಸ್ಟ್ ಕ್ಲಬ್ಬನ್ನು 1924ರಲ್ಲಿ ಪ್ಯಾರಿಸ್ಸಿಗೆ ತಂದವಳೂ ಇವಳೇ. ಸ್ತ್ರೀವಾದಿಯೂ ಹೌದು, ಸುಕ್ಕು ತೆಗೆಯುವವಳೂ ಹೌದು. ನಮ್ಮ ಸ್ಟಾಫ್‌ರೂಮಿನಲ್ಲಿ ಈ ಎರಡನ್ನು ಒಂದೇ ಉಸಿರಲ್ಲಿ ಹೇಳಿದರೆ ಜಗಳವೇ ಆಗ್ತಿತ್ತು.

ನೊಯೆಲ್ ತನ್ನ ರೋಗಿಗಳ ಫೋಟೋ ತೆಗೆದಿಟ್ಟವಳು. ಆಪರೇಷನ್ನಿಗೆ ಮೊದಲು, ನಂತರ. ಈ ಜೋಡಿ ಫೋಟೋದ ಪದ್ಧತಿ ಆಮೇಲೆ ಇಡೀ ವಿದ್ಯೆಯ ಭಾಷೆಯೇ ಆಗಿಹೋಯಿತು. ನಾನು ಕ್ಲಿನಿಕ್ಕಿನ ಸೋಫಾದಲ್ಲಿ ಕೂತು ತಿರುವಿಹಾಕಿದ ಆಲ್ಬಮ್ಮಿನಲ್ಲೂ ಅದೇ ಎರಡು ಕಾಲಂ. ಅವತ್ತು ನನಗೆ ಹೊಳೆಯಲಿಲ್ಲ, 'ಮೊದಲು' ಮತ್ತು 'ನಂತರ'ದ ನಡುವೆ ಒಂದು 'ನಡುವೆ' ಇರುತ್ತೆ ಅಂತ. ಇತಿಹಾಸ ಪಾಠ ಮಾಡಿದವಳಿಗೆ ಹೊಳೆಯಬೇಕಿತ್ತು. 1857ರಿಂದ ನೇರ 1885ಕ್ಕೆ ಹಾರುವ ಪಠ್ಯಪುಸ್ತಕವನ್ನು ಎಷ್ಟು ಸಲ ಬೈದಿದ್ದೇನೆ. ನಾನು ಬದುಕಬೇಕಾಗಿ ಬಂದದ್ದು ಆ ಎರಡು ಫೋಟೋಗಳ ನಡುವಿನ ತೆಳ್ಳನೆ ಬಿಳಿ ಗೆರೆಯಲ್ಲಿ.

ಇರಲಿ. ಚೀಲದ ವಿಷಯಕ್ಕೆ ಬರ್ತೀನಿ. ಅದೇ ಪ್ಯಾರಿಸ್ಸಿನಲ್ಲಿ, ನೊಯೆಲ್ ಪುಸ್ತಕಕ್ಕೆ ಎರಡು ವರ್ಷ ಮೊದಲು, 1924ರಲ್ಲಿ ಜೂಲಿಯನ್ ಬೂರ್ಗೆ ಎಂಬಾತ ಕೆಳರೆಪ್ಪೆಯನ್ನು ಹೊರಗಿನಿಂದ ಮುಟ್ಟದೆ, ಅದರ ಒಳಮೈಯಿಂದ ಕತ್ತರಿಸಿ ಕೊಬ್ಬು ತೆಗೆಯುವ ದಾರಿ ಹೇಳಿದ. ಹೊರಗೆ ಗಾಯದ ಗುರುತೇ ಇಲ್ಲ. ಅಂದರೆ ಉತ್ತರ ಬದಲಾಯಿತು: ಚೀಲ ಅಂದರೆ ಬರೀ ಚರ್ಮವಲ್ಲ, ಒಳಗಿನ ಕೊಬ್ಬು. ನಮ್ಮ ಕಣ್ಣುಗುಡ್ಡೆ ಮೂಳೆಯ ಗೂಡಿನಲ್ಲಿ ಕೊಬ್ಬಿನ ಮೆತ್ತೆಯ ಮೇಲೆ ಕೂತಿದೆ. ಆ ಮೆತ್ತೆಯನ್ನು ಒಳಗೇ ತಡೆದಿಟ್ಟುಕೊಳ್ಳೋಕೆ ಮುಂದೊಂದು ತೆಳುವಾದ ಪರದೆ. ವಯಸ್ಸಾದಂತೆ ಪರದೆ ಸಡಿಲವಾಗಿ ಕೊಬ್ಬು ಮುಂದಕ್ಕೆ ಉಬ್ಬುತ್ತದೆ, ಥೇಟ್ ಹೊಟ್ಟೆಯ ಹರ್ನಿಯಾ ಥರ. 1951ರಲ್ಲಿ ಅಮೆರಿಕದ ಕಾಸ್ತನ್ಯಾರೆಸ್ ಈ ಕೊಬ್ಬು ಯಾವ ಯಾವ ಅರೆಗಳಲ್ಲಿ ಕೂತಿದೆ ಅಂತ ನಕ್ಷೆ ಬರೆದ ಹಾಗೆ ವಿವರಿಸಿದ. ನಕ್ಷೆ ಸಿಕ್ಕಿದ ಮೇಲೆ ಕೇಳಬೇಕೇ? ಮುಂದಿನ ಮೂವತ್ತು ವರ್ಷ ಜಗತ್ತಿನಾದ್ಯಂತ ಆ ಅರೆಗಳನ್ನು ಬರಿದು ಮಾಡುವುದೇ ವಾಡಿಕೆಯಾಯಿತು.

ಹತ್ತು ಹದಿನೈದು ವರ್ಷ ಕಳೆದ ಮೇಲೆ ಆ ಕಣ್ಣುಗಳು ಗುಳಿಬಿದ್ದವು. ಊದಿದ ಕಣ್ಣಿನ ಬದಲು ಬತ್ತಿದ ಕಣ್ಣು. ನಿದ್ದೆಗೆಟ್ಟವರ ಮುಖ ಹೋಗಿ ಕಾಯಿಲೆಯವರ ಮುಖ ಬಂತು. ಬ್ರೆಜಿಲಿನ ಲೋಬ್ 1981ರಲ್ಲಿ ಕೊಬ್ಬನ್ನು ಎಸೆಯಬೇಡಿ, ಪಕ್ಕದ ತಗ್ಗಿಗೆ ಸರಿಸಿ ಅಂದ. 1995ರಲ್ಲಿ ಡಲ್ಲಾಸಿನ ಹಮ್ರಾ ಅದೇ ಮಾತನ್ನು ಇನ್ನೂ ಗಟ್ಟಿಯಾಗಿ ಹೇಳಿದ, ಕೊಬ್ಬನ್ನು ಉಳಿಸಿ, ಗೂಡಿನ ಅಂಚು ದಾಟಿಸಿ ಕೆನ್ನೆಯ ಕಡೆ ಹರಡಿ ಅಂತ. ನನ್ನ ಆಪರೇಷನ್ನಿನಲ್ಲೂ ಸ್ವಲ್ಪ ತೆಗೆದು ಸ್ವಲ್ಪ ಸರಿಸಿದ್ದಾರಂತೆ. ಅಷ್ಟರಮಟ್ಟಿಗೆ ನಾನು ಹಿಂದಿನವರ ಗುಳಿಬಿದ್ದ ಕಣ್ಣುಗಳಿಗೆ ಋಣಿ.

ಹಾಗಾದರೆ ನನ್ನ ಕೆನ್ನೆಯ ಮೇಲಿನ ದಿಬ್ಬ ಯಾವುದು? ಅದಕ್ಕೂ ಒಂದು ಸಣ್ಣ ಇತಿಹಾಸ ಸಿಕ್ಕಿತು. 1978ರಲ್ಲಿ ಡೇವಿಡ್ ಫರ್ನಸ್ ಎಂಬ ಸರ್ಜನ್, ಕೆಲವರ ಚೀಲ ಕೊಬ್ಬಿನದ್ದೇ ಅಲ್ಲ, ಕಣ್ಣು ಮುಚ್ಚುವ ಸ್ನಾಯು ಸಡಿಲವಾಗಿ ತೋರಣದ ಹಾಗೆ ಜೋತುಬಿದ್ದದ್ದು ಅಂತ ಬರೆದ. 1997ರಲ್ಲಿ ಪೆಸ್ಸಾ ಮತ್ತು ಗಾರ್ಜಾ ಅನ್ನುವವರು ಶವಗಳನ್ನು ಬಿಡಿಸಿ ನೋಡಿ, ಕೆನ್ನೆಯ ಮೂಳೆಯ ಮೇಲೆ ಇನ್ನೊಂದು ತೆಳು ಪರದೆ ಇದೆ, ಕಣ್ಣಿನ ಕಡೆಯಿಂದ ಇಳಿದ ನೀರು ಅದಕ್ಕೆ ತಡೆದು ನಿಲ್ಲುತ್ತದೆ ಅಂತ ತೋರಿಸಿದರು. ಕೆರೆಯ ಏರಿ ಇದ್ದ ಹಾಗೆ. ಏರಿಯ ಮೇಲ್ಗಡೆ ನೀರು ನಿಂತರೆ ಅದೇ ನನ್ನ ದಿಬ್ಬ. ರೆಪ್ಪೆಯ ಕೊಬ್ಬು ತೆಗೆದರೆ ಅದು ಹೋಗೋದಿಲ್ಲ. ಕೆಲವರಿಗೆ ಆಪರೇಷನ್ ಆದಮೇಲೆ ಅದು ಇನ್ನಷ್ಟು ಎದ್ದು ಕಾಣುತ್ತೆ.

ನೀರು ಯಾಕೆ ನಿಲ್ಲುತ್ತೆ ಅನ್ನೋದೂ ಗೊತ್ತಿರುವ ವಿಷಯವೇ. ರೆಪ್ಪೆಯ ಚರ್ಮ ಮೈಮೇಲಿನ ಚರ್ಮದಲ್ಲೆಲ್ಲ ತೆಳು, ಒಂದು ಮಿಲಿಮೀಟರೂ ಇಲ್ಲ. ಕೆಳಗಿನ ಅಂಗಾಂಶ ಹತ್ತಿಯ ಹಾಗೆ ಸಡಿಲ, ಎಷ್ಟು ನೀರು ಬಂದರೂ ಹೀರಿ ಉಬ್ಬಿಕೊಳ್ಳುತ್ತೆ. ಅದನ್ನು ಸಾಗಿಸುವ ದುಗ್ಧರಸದ ಕಿರುನಾಳಗಳಲ್ಲಿ ಬಹುಪಾಲು ಕಣ್ಣಿನ ಹೊರಮೂಲೆಯ ಕಡೆಯಿಂದ ಕಿವಿಯ ಮುಂದಿನ ಗ್ರಂಥಿಗಳಿಗೆ ಹೋಗುತ್ತವೆ. ಕತ್ತರಿಸುವಾಗ ಆ ದಾರಿ ಕಡಿದುಹೋದರೆ ಹೊಸ ದಾರಿ ಬೆಳೆಯೋವರೆಗೆ ಕಾಯಬೇಕು, ಅದಕ್ಕೆ ತಿಂಗಳುಗಳು ಬೇಕು. ನಮ್ಮ ಸರ್ಜನ್ ಹೇಳಿದ್ದು ಇದನ್ನೇ. ನಾನು ಕೇಳಿಸಿಕೊಂಡದ್ದು 'ಎರಡು ವಾರ' ಅನ್ನೋ ಮೊದಲ ಮಾತನ್ನು ಮಾತ್ರ.

ಇಷ್ಟು ಓದುವ ಹೊತ್ತಿಗೆ ಮದುವೆ ಮುಗಿದು ಎರಡು ತಿಂಗಳಾಗಿತ್ತು. ಆಪರೇಷನ್ ಆಗಿ ಐದು. ಜ್ವರ ಅಂತ ನಮ್ಮ ಬಡಾವಣೆಯ ಹಳೇ ಡಾಕ್ಟರ ಹತ್ತಿರ ಹೋದೆ. ವಯಸ್ಸು ಎಪ್ಪತ್ತು ದಾಟಿದೆ, ನನ್ನ ಮಗಳಿಗೆ ಪೋಲಿಯೋ ಹನಿ ಹಾಕಿದವರು. ನಾಡಿ ಹಿಡಿದುಕೊಂಡೇ ನನ್ನ ಮುಖವನ್ನು ಒಂದು ನಿಮಿಷ ನೋಡಿದರು.

'ಏನಮ್ಮಾ, ಕಣ್ಣು ಹೀಗಿದೆ?'

ನಾಚಿಕೆ ಬಿಟ್ಟು ಹೇಳಿದೆ. ಬೈತಾರೆ ಅಂದ್ಕೊಂಡಿದ್ದೆ, ಬೈಲಿಲ್ಲ.

'ಬೆಳಿಗ್ಗೆ ಎದ್ದಾಗ ಜಾಸ್ತಿ ಇರುತ್ತೋ, ಸಾಯಂಕಾಲವೋ?'

ಬೆಳಿಗ್ಗೆ ಅಂದೆ. ಈ ಪ್ರಶ್ನೆಯನ್ನು ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ. ಕಣಕಾಲಿನ ಮೇಲೆ ಹೆಬ್ಬೆರಳು ಒತ್ತಿ ನೋಡಿದರು. ಕೂದಲು ಉದುರುತ್ತಾ, ಚಳಿ ಜಾಸ್ತಿನಾ, ಮಲಬದ್ಧತೆ ಇದೆಯಾ ಅಂದರು. ಎಲ್ಲದಕ್ಕೂ ಹೌದು. ಎಲ್ಲವನ್ನೂ ನಾನು ಮದುವೆ ಓಡಾಟ ಮತ್ತು ವಯಸ್ಸಿನ ಲೆಕ್ಕಕ್ಕೆ ಬರೆದುಬಿಟ್ಟಿದ್ದೆ. ದನಿ ಒಡೆದದ್ದನ್ನು ಪಾಠ ಮಾಡಿದ್ದರ ಲೆಕ್ಕಕ್ಕೆ. ಮೂತ್ರ ಪರೀಕ್ಷೆ, ಥೈರಾಯ್ಡ್ ಪರೀಕ್ಷೆ ಬರೆದುಕೊಟ್ಟರು. ಮೂತ್ರ ಸರಿಯಿತ್ತು. ಥೈರಾಯ್ಡ್ ಸೋತಿತ್ತು.

ಮನೆಗೆ ಬಂದು ಮತ್ತೆ ಪುಸ್ತಕ ಹಿಡಿದೆ. ಆಗ ಗೊತ್ತಾಗಿದ್ದು ನಾನು ಅರ್ಧ ಚರಿತ್ರೆ ಮಾತ್ರ ಓದಿದ್ದೆ ಅಂತ. ಚಾಕು ಹಿಡಿದವರ ಚರಿತ್ರೆ ಒಂದು. ನಾಡಿ ಹಿಡಿದವರದ್ದು ಇನ್ನೊಂದಿದೆ, ಅದು ಲಂಡನ್ನಿನ ಗೈಸ್ ಆಸ್ಪತ್ರೆಯಲ್ಲಿ ನಡೆದದ್ದು. 1827ರಲ್ಲಿ ಅಲ್ಲಿನ ರಿಚರ್ಡ್ ಬ್ರೈಟ್, ಮೈ ಊದಿಕೊಂಡು ಬಂದ ರೋಗಿಗಳ ಮೂತ್ರವನ್ನು ಕಾಯಿಸಿ ನೋಡಿ, ಅದು ಮೊಟ್ಟೆಯ ಲೋಳೆಯ ಹಾಗೆ ಹೆಪ್ಪುಗಟ್ಟುವುದನ್ನು ಕಂಡು, ಸತ್ತಮೇಲೆ ಅವರ ಮೂತ್ರಪಿಂಡ ನೋಡಿ, ಇದಕ್ಕೂ ಅದಕ್ಕೂ ಗಂಟು ಹಾಕಿದ. ಬೆಳಿಗ್ಗೆ ಊದಿದ ರೆಪ್ಪೆ ಕಂಡರೆ ಮೂತ್ರ ಪರೀಕ್ಷೆ ಮಾಡಿಸುವ ನಮ್ಮ ಡಾಕ್ಟರ ಬುದ್ಧಿಯ ಹಿಂದೆ ಬ್ರೈಟ್ ಇದ್ದಾನೆ. 1873ರಲ್ಲಿ ಅದೇ ಆಸ್ಪತ್ರೆಯ ವಿಲಿಯಂ ಗಲ್ ಐದು ಮಂದಿ ಹೆಂಗಸರ ಬಗ್ಗೆ ವರದಿ ಓದಿದ. ನಡುವಯಸ್ಸಿನವರು, ಮುಖ ದುಂಡಗಾಗಿದೆ, ಜಡ, ನಾಲಗೆ ದಪ್ಪವಾಗಿ ದನಿ ಗಂಟಲಿನಿಂದ ಬರುವಂತಿದೆ. ಇದನ್ನು ಓದಿದಾಗ ನಾನು ನಮ್ಮನೆಯವರನ್ನು ಕರೆದು ಗಟ್ಟಿಯಾಗಿ ಓದಿ ಹೇಳಿದೆ. 'ನಿನ್ನನ್ನೇ ನೋಡಿ ಬರೆದ ಹಾಗಿದೆಯಲ್ಲೇ' ಅಂದರು.

ಕೆಲವು ವರ್ಷಗಳಲ್ಲೇ ಇನ್ನೊಬ್ಬ ಲಂಡನ್ ವೈದ್ಯ ವಿಲಿಯಂ ಓರ್ಡ್ ಈ ಊತವನ್ನು ಬೆರಳಿನಿಂದ ಒತ್ತಿದರೆ ಗುಳಿ ಬೀಳೋದಿಲ್ಲ, ಇದು ಬರೀ ನೀರಲ್ಲ, ಚರ್ಮದಲ್ಲಿ ಲೋಳೆಯಂಥ ವಸ್ತು ಸೇರಿಕೊಂಡಿದೆ ಅಂತ ಕಂಡುಕೊಂಡು ಮಿಕ್ಸೆಡೀಮಾ ಎಂದು ಹೆಸರಿಟ್ಟ. 1891ರಲ್ಲಿ ನ್ಯೂಕ್ಯಾಸಲ್ಲಿನ ಜಾರ್ಜ್ ಮರ್ರೆ 46 ವರ್ಷದ ಒಬ್ಬ ಹೆಂಗಸಿಗೆ ಕುರಿಯ ಥೈರಾಯ್ಡ್ ಗ್ರಂಥಿಯ ರಸವನ್ನು ಚುಚ್ಚಿದ. ಆಕೆ ಮುಂದೆ 28 ವರ್ಷ ಬದುಕಿದಳು, 74ನೇ ವಯಸ್ಸಿನಲ್ಲಿ ತೀರಿಕೊಂಡಳು. ಅಷ್ಟು ವರ್ಷಗಳಲ್ಲಿ ಆಕೆಗೆ ಬೇಕಾದ ಕುರಿಗಳ ಗ್ರಂಥಿಗಳ ಲೆಕ್ಕ 870ಕ್ಕೂ ಹೆಚ್ಚು! ಮಾರನೇ ವರ್ಷ ಇನ್ನೊಬ್ಬ ಡಾಕ್ಟರು ಚುಚ್ಚೋದು ಬೇಡ, ಗ್ರಂಥಿಯನ್ನು ಸ್ವಲ್ಪ ಹುರಿದು ಹಣ್ಣಿನ ಜೆಲ್ಲಿ ಜೊತೆ ತಿನ್ನಿಸಿ ಅಂದ. ತಿಳಿಸಾರು ತಿನ್ನೋ ನಮ್ಮಂಥವರ ಗತಿ ಏನಾಗ್ತಿತ್ತೋ. ಪುಣ್ಯಕ್ಕೆ 1914ರ ಕ್ರಿಸ್‌ಮಸ್ ದಿನ ಅಮೆರಿಕದ ಕೆಂಡಾಲ್ ಆ ರಸದೊಳಗಿನ ಮುಖ್ಯ ವಸ್ತುವನ್ನು ಹರಳಾಗಿ ಬೇರೆ ಮಾಡಿದ, 1927ರ ಹೊತ್ತಿಗೆ ಅದನ್ನು ಪ್ರಯೋಗಾಲಯದಲ್ಲೇ ತಯಾರಿಸುವುದೂ ಸಾಧ್ಯವಾಯಿತು.

ತಾರೀಖುಗಳನ್ನು ಒಟ್ಟಿಗೆ ಇಟ್ಟು ನೋಡಿ. ರೆಪ್ಪೆ ಯಾಕೆ ಊದುತ್ತೆ ಅನ್ನೋದಕ್ಕೆ ಗಲ್ ಮತ್ತು ಓರ್ಡ್ ಉತ್ತರ ಕೊಟ್ಟದ್ದು 1870ರ ದಶಕದಲ್ಲಿ. ರಕ್ತನಾಳದಿಂದ ನೀರು ಹೊರಗೆ ಬರುವುದು, ಒಳಗೆ ಹೋಗುವುದು ಯಾವ ಬಲಗಳಿಂದ ಅಂತ ಅದೇ ಗೈಸ್ ಆಸ್ಪತ್ರೆಯ ಸ್ಟಾರ್ಲಿಂಗ್ ವಿವರಿಸಿದ್ದು 1896ರಲ್ಲಿ. ಮಿಲ್ಲರ್ ಚೀಲ ಕತ್ತರಿಸಿ ಲೇಖನ ಬರೆದದ್ದು ಅದಾದ ಹತ್ತು ವರ್ಷಕ್ಕೆ. ಅಂದರೆ ಚಾಕು ಹಿಡಿದವರು ಶುರು ಮಾಡುವ ಮೊದಲೇ ನಾಡಿ ಹಿಡಿದವರು ಅರ್ಧ ಉತ್ತರ ಬರೆದಿಟ್ಟಿದ್ದರು. ಒಬ್ಬರ ಬಾಗಿಲನ್ನು ಇನ್ನೊಬ್ಬರು ಬಡಿಯಲಿಲ್ಲ. ಒಬ್ಬರಿಗೆ ಊದಿದ ರೆಪ್ಪೆ ಅಂದರೆ ಸುದ್ದಿ, ಒಳಗೇನೋ ಕೆಟ್ಟಿದೆ ಅಂತ. ಇನ್ನೊಬ್ಬರಿಗೆ ಅದು ತೆಗೆದುಹಾಕಬೇಕಾದ ಸಾಮಾನು. ನಾನು ಓದಿದ ಮಟ್ಟಿಗೆ ಈ ಎರಡು ಸಾಲು ಒಂದೇ ಪುಟದಲ್ಲಿ ಚೆನ್ನಾಗಿ ಕೂಡಿದ್ದು 2005ರ ಒಂದು ಪ್ರಬಂಧದಲ್ಲಿ. ಲಾಸ್ ಏಂಜಲೀಸಿನ ರಾಬರ್ಟ್ ಗೋಲ್ಡ್‌ಬರ್ಗ್ ಮತ್ತು ಸಂಗಡಿಗರು ಒಬ್ಬರಾದ ಮೇಲೊಬ್ಬರಂತೆ ಬಂದ 114 ಜನರನ್ನು ಪರೀಕ್ಷಿಸಿ, ಚೀಲಕ್ಕೆ ಒಂದೇ ಕಾರಣ ಅನ್ನೋದು ತಪ್ಪು, ಕೊಬ್ಬು, ಸಡಿಲ ಚರ್ಮ, ಸ್ನಾಯು, ಕೆನ್ನೆಯ ದಿಬ್ಬ, ಕೆನ್ನೆಯಂಚಿನ ತಗ್ಗು, ಇವುಗಳ ಜೊತೆಗೆ ರೆಪ್ಪೆಯಲ್ಲಿ ನಿಂತ ನೀರೂ ಒಂದು ಕಾರಣ, ಒಬ್ಬೊಬ್ಬರಲ್ಲಿ ಇವುಗಳ ಪಾಲು ಬೇರೆ ಬೇರೆ ಅಂತ ಬರೆದರು. ನೀರಿಗೆ ಕೊನೆಗೂ ಪಟ್ಟಿಯಲ್ಲಿ ಜಾಗ ಸಿಕ್ಕಿತು. ಚಾಕುವಿಗೆ ಸಿಗುವುದು ಚರ್ಮ, ಕೊಬ್ಬು, ಸ್ನಾಯು. ನೀರು ಸಿಗೋದಿಲ್ಲ.

ನಮ್ಮ ಸರ್ಜನ್ ಮೇಲೆ ನನಗೆ ಸಿಟ್ಟಿದೆಯಾ? ಇತ್ತು. ಆಪರೇಷನ್ನಿಗೆ ಮುಂಚೆ ಸಕ್ಕರೆ, ರಕ್ತದೊತ್ತಡ, ರಕ್ತ ಹೆಪ್ಪುಗಟ್ಟುವ ಸಮಯ, ಎಲ್ಲ ನೋಡಿದರು, ಬೆಳಿಗ್ಗೆಯೋ ಸಂಜೆಯೋ ಅಂತ ಕೇಳಲಿಲ್ಲ. ಆದರೆ ನಾನೂ ಹೇಳಲಿಲ್ಲವಲ್ಲ. ನಾನು ಅವರ ಹತ್ತಿರ ಹೋದದ್ದು 'ಇದನ್ನು ತೆಗೀರಿ' ಅಂತ. 'ಇದೇನು' ಅಂತ ಕೇಳೋಕೆ ಹೋಗಿರಲಿಲ್ಲ. ಮಧ್ಯಾಹ್ನ ಮೂರು ಗಂಟೆಗೆ ತೆಗೆದ ಫೋಟೋ ನೋಡಿಕೊಂಡು ಇಬ್ಬರೂ ಒಪ್ಪಂದಕ್ಕೆ ಬಂದೆವು.

ಮಾತ್ರೆ ಶುರುವಾಗಿ ಮೂರು ತಿಂಗಳಿಗೆ ರೆಪ್ಪೆಯ ಊತ ಬಹಳಷ್ಟು ಇಳಿಯಿತು. ಮಾತ್ರೆಯಿಂದಲೋ, ದುಗ್ಧನಾಳಗಳು ಹೊಸ ದಾರಿ ಹಿಡಿದದ್ದರಿಂದಲೋ, ಉಪ್ಪಿನಕಾಯಿ ಬಿಟ್ಟದ್ದರಿಂದಲೋ, ಯಾರು ಹೇಳ್ತಾರೆ. ಕೆನ್ನೆಯ ದಿಬ್ಬ ಹಾಗೇ ಇದೆ, ರಾತ್ರಿ ಹಪ್ಪಳ ತಿಂದರೆ ಬೆಳಿಗ್ಗೆ ಎದ್ದು ಕಾಣುತ್ತೆ. ಅದಕ್ಕೆ ಬೇರೆ ಆಪರೇಷನ್ ಇದೆಯಂತೆ. ಸದ್ಯಕ್ಕೆ ಚೀಟಿ ಎತ್ತೋ ಯೋಚನೆ ಇಲ್ಲ.

ಆಲ್ಬಮ್ ಮಾಡುವ ಮೊದಲು ಫೋಟೋದವನು ಫೋನ್ ಮಾಡಿದ್ದ. 'ಮೇಡಂ, ಧಾರೆ ಫೋಟೋದಲ್ಲಿ ಕಣ್ಣ ಕೆಳಗೆ ಸ್ವಲ್ಪ ತೆಗೀಲಾ? ಎಲ್ಲರೂ ತೆಗೆಸ್ತಾರೆ.' ಬೇಡಪ್ಪ, ಹಾಗೇ ಇರ್ಲಿ ಅಂದೆ. ಮೊನ್ನೆ ಹಬ್ಬಕ್ಕೆ ಬಂದಿದ್ದ ಮಗಳು ಅದೇ ಫೋಟೋ ನೋಡಿ, 'ಅಮ್ಮಾ, ಎಷ್ಟು ಅತ್ತಿದೀಯ ನೋಡು' ಅಂತ ತಾನೇ ಅತ್ತಳು. ಅವಳಿಗೆ ನಿಜ ಹೇಳಿಲ್ಲ. ಇದನ್ನು ಓದಿದರೆ ಗೊತ್ತಾಗುತ್ತೆ.

ಮಾತ್ರೆಯನ್ನು ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ನುಂಗಬೇಕು, ಕಾಫಿಗೆ ಅರ್ಧ ಗಂಟೆ ಕಾಯಬೇಕು. ಅದೇ ದೊಡ್ಡ ಕಷ್ಟ. ಆ ಅರ್ಧ ಗಂಟೆ ಕನ್ನಡಿಯ ಮುಂದೆ ನಿಲ್ಲೋದಿಲ್ಲ, ಪೇಪರ್ ಓದ್ತೀನಿ.